ಮೊದಲ ಗಾಳ

ಅಕ್ಕ, ಸಣ್ಣವರಿದ್ದಾಗ ಮೀನು ಹಿಡಿದ ನೆನಪು ಇದೆಯಾ?

ಮಳೆಗಾಲ. ಗದ್ದೆಗೆ ನೀರು ಬಿಟ್ಟಿದ್ದಾರೆ. ತೂಬಿನ ಬಾಯಲ್ಲಿ ಸಣ್ಣ ಮೀನು ಫಳಫಳ ಅನ್ನುತ್ತವೆ. ಇಬ್ಬರು ಹುಡುಗಿಯರು ಒಂದು ಹಳೇ ಟವಲಿನ ಎರಡು ತುದಿ ಹಿಡಿದು ಬಾಚುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬೆಳೆದ ನಾವು ಬಹಳ ಜನ ಹೀಗೆ ಮೀನು ಹಿಡಿದವರೇ. ಆದರೆ ಗಾಳದ ಕೋಲು ಮಾತ್ರ ಅಣ್ಣ ತಮ್ಮಂದಿರ ಕೈಯಲ್ಲಿ ಇರುತ್ತಿತ್ತು. ನಾವು ಎರೆಹುಳು ಅಗೆದು ಕೊಡುತ್ತಿದ್ದೆವು. ಮೀನು ಬಂದರೆ ಉಜ್ಜಿ ತೊಳೆದು ಸಾರು ಮಾಡುತ್ತಿದ್ದೆವು.

ಈಗ ಗಾಳವನ್ನೂ ನಾವೇ ಹಾಕೋಣ ಅಂತ ಕೆಲವು ಅಕ್ಕಂದಿರು ಹೊರಟಿದ್ದಾರೆ. ವಾರಕ್ಕೆ ಒಂದು ದಿನ ಮನೆಗೆ ಮೀನು ಸಾರು ಆದರೆ ಮಕ್ಕಳಿಗೂ ಒಳ್ಳೆಯದು, ಕಾಸೂ ಉಳಿಯುತ್ತದೆ. ಅದಕ್ಕೆ ಏನೇನು ಸಾಮಾನು ಬೇಕು? ಅಂಗಡಿಯಲ್ಲಿ ಏನು ಕೇಳಬೇಕು? ಅದನ್ನು ನೋಡೋಣ.

ಮೊದಲು ಮಳವಳ್ಳಿ ಕಡೆಯ ಒಬ್ಬ ಅಕ್ಕನ ಕತೆ ಕೇಳಿ. ಅವರು ಒಂದು ಅಂಗಡಿಗೆ ಹೋದರು. ಕೆರೆಯಲ್ಲಿ ದೊಡ್ಡ ಗೆಂಡೆ ಮೀನು ಇದೆ ಅಂತ ಕೇಳಿದ್ದರು. "ದೊಡ್ಡ ನಂಬರಿನ ಕೊಕ್ಕೆ ಕೊಡಪ್ಪ" ಅಂದರು. ಅಂಗಡಿಯವನು 16ನೇ ನಂಬರಿನ ಪ್ಯಾಕೆಟ್ಟು ಕೊಟ್ಟ. ಅಕ್ಕ 16 ಅಂತ ಓದಿದರು, ಖುಷಿಯಾಯಿತು. ಮನೆಗೆ ಬಂದು ಬಿಚ್ಚಿ ನೋಡಿದರೆ ಕೊಕ್ಕೆ ಅಕ್ಕಿ ಕಾಳಿನಷ್ಟು. ಎರೆಹುಳು ಸಿಕ್ಕಿಸೋಕೂ ಜಾಗ ಇಲ್ಲ. ಮೋಸ ಮಾಡಿದ ಅಂತ ಬೈದುಕೊಂಡರು.

ಅಂಗಡಿಯವನು ಮೋಸ ಮಾಡಿರಲಿಲ್ಲ. ಕೇಳಿದ್ದನ್ನೇ ಕೊಟ್ಟಿದ್ದ. ಆದರೆ ಒಂದು ಮಾತು ತಿಳಿಸಿ ಹೇಳಬಹುದಿತ್ತು, ಹೇಳಲಿಲ್ಲ. ಕೊಕ್ಕೆಯ ಲೆಕ್ಕ ಉಲ್ಟಾ. ನಂಬರು ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು. 16 ಬಹಳ ಸಣ್ಣದು. 10 ಅದಕ್ಕಿಂತ ದೊಡ್ಡದು. 6 ಇನ್ನೂ ದೊಡ್ಡದು. 1 ಆದ ಮೇಲೆ ಲೆಕ್ಕ ತಿರುಗುತ್ತದೆ. ಆಮೇಲೆ 1/0, 2/0, 3/0 ಅಂತ ಬರೆದಿರುತ್ತಾರೆ. ಅಲ್ಲಿ ಮಾತ್ರ ಅಂಕಿ ಏರಿದ ಹಾಗೆ ಕೊಕ್ಕೆಯೂ ದೊಡ್ಡದಾಗುತ್ತದೆ. ಎಲ್ಲ ಕಂಪನಿಯ ಅಳತೆಯೂ ಒಂದೇ ಥರ ಇರುವುದಿಲ್ಲ. ಅದಕ್ಕೇ ನಂಬರನ್ನೂ ಓದಿ, ಪ್ಯಾಕೆಟ್ಟು ಬಿಚ್ಚಿಸಿ ಕಣ್ಣಲ್ಲೂ ನೋಡಿ.

ಹಾಗಾದರೆ ಯಾವ ನಂಬರು ತರಬೇಕು? ಅದು ಮೀನಿನ ಬಾಯಿ ನೋಡಿ ಹೇಳಬೇಕಾದ ಮಾತು. ನಮ್ಮ ಕೆರೆಗಳಲ್ಲಿ ಹೊಸಬರಿಗೆ ಸುಲಭವಾಗಿ ಸಿಗುವುದು ಜಿಲೇಬಿ ಮೀನು. ಇದು ಆಫ್ರಿಕಾದ ಮೀನು. 1952ರಲ್ಲಿ ನಮ್ಮ ದೇಶಕ್ಕೆ ತಂದರು. ಈಗ ಎಲ್ಲ ಕಡೆ ತುಂಬಿಕೊಂಡಿದೆ. ಇದರ ಬಾಯಿ ಚಿಕ್ಕದು. ಇದಕ್ಕೆ 8 ಅಥವಾ 10ನೇ ನಂಬರು ಸಾಕು. ಕಾಟ್ಲಾ, ರೋಹು, ಗೆಂಡೆ ಇವು ಸಾಕಿದ ಕೆರೆಯಾದರೆ 4 ಅಥವಾ 6 ಇರಲಿ. ಮೊದಲ ಸಲ ಒಂದೇ ನಂಬರು ತರುವುದಾದರೆ 8 ತನ್ನಿ. ಸಣ್ಣ ಕೊಕ್ಕೆಗೆ ದೊಡ್ಡ ಮೀನೂ ಬೀಳಬಹುದು. ದೊಡ್ಡ ಕೊಕ್ಕೆ ಸಣ್ಣ ಮೀನಿನ ಬಾಯಿಗೆ ಹಿಡಿಸುವುದೇ ಇಲ್ಲ.

ಕೊಕ್ಕೆ ಚೂಪಾಗಿದೆಯಾ ಅಂತ ನೋಡೋದು ಹೇಗೆ? ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಜಾರಿದರೆ ಮೊಂಡು. ಉಗುರಿಗೆ ಕಚ್ಚಿ ನಿಂತರೆ ಚೂಪು. ತುಕ್ಕು ಹಿಡಿದದ್ದು ಬೇಡ.

ಇನ್ನು ದಾರ. ಹೊಲಿಗೆ ದಾರ, ಹೂ ಕಟ್ಟುವ ದಾರ ಆಗುವುದಿಲ್ಲ. ನೀರು ಕುಡಿದು ಕೊಳೆಯುತ್ತವೆ. ನೈಲಾನ್ ದಾರವೇ ಬೇಕು. ಕೆಲವರು ಇದಕ್ಕೆ ತಂಗೂಸಿ ಅಂತಾರೆ. ದಾರದ ಉಂಡೆಯ ಮೇಲೆ ಎರಡು ಅಂಕಿ ಇರುತ್ತವೆ. ಒಂದು ದಪ್ಪ. ಅದನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ನಮಗೆ 0.25 ಅಥವಾ 0.30 ಸಾಕು. ಇನ್ನೊಂದು, ದಾರ ಎಷ್ಟು ತೂಕ ತಡೆಯುತ್ತದೆ ಅನ್ನುವುದು. ಇದು ಕೆ.ಜಿ.ಯಲ್ಲಿ ಇರಬಹುದು, ಪೌಂಡಿನಲ್ಲೂ ಇರಬಹುದು. 10 ಪೌಂಡು ಅಂದರೆ ಸುಮಾರು ನಾಲ್ಕೂವರೆ ಕೆ.ಜಿ. ಅಷ್ಟಿದ್ದರೆ ಕೆರೆ ಮೀನಿಗೆ ಧಾರಾಳ. ದಪ್ಪ ದಾರ ಗಟ್ಟಿ ಅಂತ ಆಸೆಪಡಬೇಡಿ. ತಿಳಿ ನೀರಿನಲ್ಲಿ ದಪ್ಪ ದಾರ ಮೀನಿಗೆ ಕಾಣುತ್ತದೆ.

ದಾರ ಕೊಳ್ಳುವಾಗ ಒಂದು ಮೊಳ ಬಿಚ್ಚಿ ಎರಡೂ ಕೈಯಲ್ಲಿ ಜಗ್ಗಿ ನೋಡಿ. ಬಿಸಿಲಲ್ಲಿ ತೂಗುಹಾಕಿದ ದಾರ ಹೊಸದಾಗಿ ಕಂಡರೂ ಬಲ ಕಳೆದುಕೊಂಡಿರುತ್ತದೆ. ಪಟ್ ಅಂತ ಕಡಿಯುತ್ತದೆ.

ಇಲ್ಲಿ ರೇಷ್ಮೆ ಸಾಕುವ ಅಕ್ಕಂದಿರಿಗೆ ಒಂದು ಮಾತು. ನೈಲಾನು ಬಂದದ್ದು 1930ರ ದಶಕದ ಕೊನೆಗೆ. ಅದಕ್ಕೂ ಮುಂಚೆ ವಿದೇಶದಲ್ಲಿ ಗಾಳದ ತುದಿಗೆ ಕಟ್ಟುವ ಎಳೆಯನ್ನು ರೇಷ್ಮೆ ಹುಳುವಿನಿಂದಲೇ ಮಾಡುತ್ತಿದ್ದರು. ಸ್ಪೇನ್ ದೇಶದ ಮುರ್ಸಿಯಾ ಊರಿನ ಕಡೆ ಇದು ದೊಡ್ಡ ಕಸುಬು. ನಾವು ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುತ್ತೇವಲ್ಲ, ಅವರು ಅದನ್ನು ವಿನಿಗರಿನಲ್ಲಿ ನೆನೆಹಾಕುತ್ತಿದ್ದರು. ಆಮೇಲೆ ಹುಳು ಸೀಳಿ, ಒಳಗಿನ ರೇಷ್ಮೆ ಗ್ರಂಥಿಯನ್ನು ಎಳೆದು ಉದ್ದ ಮಾಡಿ ಒಣಗಿಸುತ್ತಿದ್ದರು. ಒಂದು ಹುಳುವಿಗೆ ಒಂದೆರಡು ಎಳೆ, ಅಷ್ಟೇ. ಗೂಡು ಇಲ್ಲ, ನೂಲು ಇಲ್ಲ. ನೈಲಾನು ಬಂದು ಆ ಕಸುಬು ನಿಂತುಹೋಯಿತು.

ಕೊಕ್ಕೆಗೆ ದಾರ ಕಟ್ಟುವುದರಲ್ಲೇ ಹೊಸಬರು ಸೋಲುವುದು. ಸಾಮಾನ್ಯ ಗಂಟು ನೈಲಾನಿನಲ್ಲಿ ಜಾರಿಬಿಡುತ್ತದೆ. ಹೀಗೆ ಮಾಡಿ. ದಾರದ ತುದಿಯನ್ನು ಕೊಕ್ಕೆಯ ಕಣ್ಣಿಗೆ ಪೋಣಿಸಿ. ಆ ತುದಿಯನ್ನು ದಾರಕ್ಕೇ ಐದಾರು ಸುತ್ತು ಸುತ್ತಿ. ಕೊಕ್ಕೆಯ ಕಣ್ಣಿನ ಹತ್ತಿರ ಒಂದು ಸಣ್ಣ ಕುಣಿಕೆ ಉಳಿದಿರುತ್ತದೆ. ತುದಿಯನ್ನು ಅದರೊಳಗೆ ತೂರಿಸಿ. ಈಗ ಎಳೆಯುವ ಮುಂಚೆ ಗಂಟಿಗೆ ಸ್ವಲ್ಪ ನೀರು ಮುಟ್ಟಿಸಿ. ಒಣ ದಾರ ಉಜ್ಜಿಕೊಂಡು ಬಿಸಿಯಾಗುತ್ತದೆ, ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಒದ್ದೆ ಮಾಡಿ ನಿಧಾನವಾಗಿ ಎಳೆದರೆ ಗಂಟು ಕಚ್ಚಿ ಕೂರುತ್ತದೆ. ಮಲ್ಲಿಗೆ ದಂಡೆ ಕಟ್ಟಿ ರೂಢಿಯಾದ ಬೆರಳಿಗೆ ಇದು ಕಷ್ಟವೇನಲ್ಲ. ಮೊದಲು ಮನೆಯಲ್ಲಿ ಬಾಗಿಲ ಚಿಲಕಕ್ಕೆ ದಾರ ಕಟ್ಟಿ ಕಲಿತುಕೊಳ್ಳಿ.

ಕೋಲಿಗೆ ದುಡ್ಡು ಕೊಡಬೇಡಿ. ಅಂಗಡಿಯಲ್ಲಿ ಬಣ್ಣಬಣ್ಣದ ಫೈಬರ್ ಕೋಲು, ರಾಟೆಯಂಥ ರೀಲು ತೂಗುಹಾಕಿರುತ್ತಾರೆ. ದೂರ ಎಸೆದು ದೊಡ್ಡ ಮೀನು ಹಿಡಿಯುವವರಿಗೆ ಅದು. ಕೆರೆ ಅಂಚಿನಲ್ಲಿ ಕೂರುವ ನಮಗೆ ಎಂಟು ಹತ್ತು ಅಡಿಯ ಬಿದಿರು ಸಾಕು. ಒಳಗೆ ಟೊಳ್ಳು ಕಮ್ಮಿ ಇರುವ ಗಟ್ಟಿ ಬಿದಿರು ಆರಿಸಿ. ಬುಡ ಹಿಡಿತಕ್ಕೆ ಬರಬೇಕು, ತುದಿ ಸಣ್ಣಗೆ ಇರಬೇಕು. ಹಸಿ ಬಿದಿರು ಭಾರ, ಬಾಗಿದರೆ ಬಾಗಿದ ಹಾಗೇ ಉಳಿಯುತ್ತದೆ. ನೆರಳಲ್ಲಿ ಒಣಗಿಸಿ. ಬಿಸಿಲಲ್ಲಿ ಒಣಗಿಸಿದರೆ ಸೀಳುತ್ತದೆ. ದಾರ ಕೋಲಿನಷ್ಟೇ ಉದ್ದ ಇರಲಿ. ದಾರವನ್ನು ತುದಿಗೆ ಮಾತ್ರ ಕಟ್ಟಬೇಡಿ. ಎರಡು ಅಡಿ ಕೆಳಗೆ ಒಂದು ಗಂಟು ಹಾಕಿ, ಆಮೇಲೆ ಸುತ್ತಿಕೊಂಡು ಹೋಗಿ ತುದಿಗೂ ಕಟ್ಟಿ. ತುದಿ ಮುರಿದರೂ ಮೀನು ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಮೀನು ಕಚ್ಚಿತಾ ಇಲ್ಲವಾ ಅಂತ ಹೇಳುವುದು ಬೆಂಡು. ಇದನ್ನೂ ಕೊಳ್ಳಬೇಕಿಲ್ಲ. ಜೋಳದ ದಂಟಿನ ಬೆಂಡು, ನವಿಲುಗರಿಯ ಕಡ್ಡಿ, ಹಳೇ ಹವಾಯಿ ಚಪ್ಪಲಿಯ ಚೂರು, ಕಬ್ಬಿನ ಒಣಗಿದ ಸೂಲಂಗಿ ಕಡ್ಡಿ, ಯಾವುದಾದರೂ ಆಗುತ್ತದೆ. ಬೆಂಡಿನ ಕೆಳಗೆ, ಕೊಕ್ಕೆಗಿಂತ ಒಂದು ಗೇಣು ಮೇಲೆ, ಸಣ್ಣ ಭಾರ ಕಟ್ಟಬೇಕು. ಬೆಂಡು ನೆಟ್ಟಗೆ ನಿಂತು, ತಲೆ ಮಾತ್ರ ನೀರಿನ ಮೇಲೆ ಕಾಣುವಷ್ಟು ಭಾರ ಸಾಕು. ಹೆಚ್ಚು ಬೆಂಡು ಮೇಲಿದ್ದರೆ ಮೀನಿಗೆ ಎಳೆತ ಗೊತ್ತಾಗಿ ಬಿಟ್ಟು ಹೋಗುತ್ತದೆ.

ಭಾರಕ್ಕೆ ಅಂಗಡಿಯಲ್ಲಿ ಸೀಸದ ಗುಂಡು ಕೊಡುತ್ತಾರೆ. ಗಂಡಸರು ಅದನ್ನು ಹಲ್ಲಿನಲ್ಲಿ ಕಚ್ಚಿ ದಾರಕ್ಕೆ ಬಿಗಿಯುವುದನ್ನು ನೋಡಿರುತ್ತೀರಿ. ನೀವು ಮಾಡಬೇಡಿ, ಅವರಿಗೂ ಹೇಳಿ. ಸೀಸ ವಿಷ. ಮಕ್ಕಳ ಮಿದುಳಿಗೆ ಅದು ಬಹಳ ಕೆಟ್ಟದ್ದು, ಬಸುರಿಯ ಹೊಟ್ಟೆಯ ಕೂಸಿಗೂ ಕೆಟ್ಟದ್ದು. ಸೈಕಲ್ ಅಂಗಡಿಯ ಒಂದು ಸಣ್ಣ ಕಬ್ಬಿಣದ ನಟ್ಟು ಕಟ್ಟಿದರೆ ಅದೇ ಕೆಲಸ ಆಗುತ್ತದೆ. ಸೀಸ ಮುಟ್ಟಿದರೆ ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ.

ಮೇವಿಗೆ ತಿಪ್ಪೆ ಪಕ್ಕದ ಎರೆಹುಳು ಇದ್ದೇ ಇದೆ. ಇಲ್ಲದಿದ್ದರೆ ರಾತ್ರಿ ಉಳಿದ ರಾಗಿ ಮುದ್ದೆ. ಸ್ವಲ್ಪ ಗೋಧಿ ಹಿಟ್ಟು ಸೇರಿಸಿ ಗಟ್ಟಿಯಾಗಿ ನಾದಿ, ಕಡಲೆಕಾಳಿನಷ್ಟು ಉಂಡೆ ಮಾಡಿ. ನಗಬೇಡಿ ಅಕ್ಕ. ನಮ್ಮ ಮಳವಳ್ಳಿ ತಾಲೂಕಿನ ಭೀಮೇಶ್ವರಿಗೆ ದೇಶವಿದೇಶದ ದೊರೆಗಳು ಬಂದು ಕಾವೇರಿಯಲ್ಲಿ ಗಾಳ ಹಾಕುತ್ತಿದ್ದರು. ಅವರ ಕೊಕ್ಕೆಯಲ್ಲೂ ಇದ್ದದ್ದು ರಾಗಿ ಮುದ್ದೆಯೇ. ಅವರು ಹುಡುಕಿ ಬಂದದ್ದು ಬಿಳಿ ಮೀನು, ಅಂದರೆ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಅನ್ನುವವರು ಹಿಡಿದ ಮಹಶೀರ್ 120 ಪೌಂಡು ತೂಗಿತು. ಸುಮಾರು 54 ಕೆ.ಜಿ.! ಕಾವೇರಿಯ ಈ ಮಹಶೀರ್ ಈಗ ಅಳಿದುಹೋಗುವ ಅಂಚಿಗೆ ಬಂದಿದೆ. 2018ರಲ್ಲಿ ಅದನ್ನು ಜಗತ್ತಿನ ಅತಿ ಅಪಾಯದ ಪ್ರಾಣಿಗಳ ಪಟ್ಟಿಗೆ ಸೇರಿಸಿದರು. ಮುತ್ತತ್ತಿ, ಭೀಮೇಶ್ವರಿ ಕಡೆಯ ಹೊಳೆ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದ್ದು. ಅಲ್ಲಿ ಗಾಳ ಹಿಡಿದು ಹೋಗಬೇಡಿ, ಕೇಸಾಗುತ್ತದೆ.

ಊರ ಕೆರೆಯಲ್ಲೂ ಕೇಳಿಯೇ ಗಾಳ ಹಾಕಿ. ಕೆಲವು ಕೆರೆಯ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯದು, ಕೆಲವು ಪಂಚಾಯ್ತಿಯದು. ಹರಾಜಾಗಿದ್ದರೆ ಹಿಡಿದವರು ಮರಿ ತಂದು ಬಿಟ್ಟಿರುತ್ತಾರೆ. ಅವರಿಗೂ ಹೊಟ್ಟೆಪಾಡು. ಏರಿ ಮೇಲೆ ಬೋರ್ಡಿದ್ದರೆ ಈಗ ನೀವೇ ಓದಬಹುದು. ಸಿಡಿಮದ್ದು ಹಾಕಿ, ವಿಷ ಹಾಕಿ ಮೀನು ಹಿಡಿಯುವವರ ಜೊತೆ ಮಾತ್ರ ಸೇರಬೇಡಿ. ಅದು 1897ರ ಕಾಯ್ದೆಯ ಕಾಲದಿಂದಲೂ ಅಪರಾಧ.

ವಿಶ್ವೇಶ್ವರಯ್ಯ ನಾಲೆಯ ಅಂಚು ಬೇಡವೇ ಬೇಡ. ನೀರು ಬಿಟ್ಟಾಗ ಸೆಳೆತ ಜೋರು. ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ. ಬಿದ್ದವರು ಹಿಡಿದುಕೊಂಡು ಹತ್ತೋಕೆ ಏನೂ ಇರುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿ ಹತ್ತಿರ ಒಂದು ಬಸ್ಸೇ ಈ ನಾಲೆಗೆ ಬಿತ್ತು. 30 ಜನ ಹೋದರು. ಬಸ್ಸನ್ನು ನುಂಗಿದ ನೀರು ಸೀರೆ ಉಟ್ಟ ನಮ್ಮನ್ನು ಬಿಡುತ್ತದೆಯೇ? ಕೆರೆಯಲ್ಲೂ ನೀರಿಗೆ ಇಳಿಯಬೇಡಿ. ಗೋಡು ತೆಗೆದ ಗುಂಡಿ ಎಲ್ಲಿರುತ್ತದೋ ಗೊತ್ತಾಗುವುದಿಲ್ಲ. ಕೊಕ್ಕೆ ಪೊದೆಗೆ ಸಿಕ್ಕಿದರೆ ಹೋಗಲಿ ಅಂತ ದಾರ ಕಡಿಯಿರಿ. ಒಬ್ಬರೇ ಹೋಗಬೇಡಿ. ಜೊತೆಗೆ ಖಾಲಿ ಎಣ್ಣೆ ಕ್ಯಾನೊಂದಕ್ಕೆ ಮುಚ್ಚಳ ಬಿಗಿದು ಹಗ್ಗ ಕಟ್ಟಿ ಇಟ್ಟುಕೊಳ್ಳಿ. ಯಾರಾದರೂ ಬಿದ್ದರೆ ಅದನ್ನು ಎಸೆಯಬಹುದು. ಇದೂ ಗಾಳದ ಸಾಮಾನೇ ಅಂತ ನಾವು ಲೆಕ್ಕ ಹಾಕುತ್ತೇವೆ. ಮತ್ತೆ, ಕೋಲು ಎತ್ತುವ ಮುಂಚೆ ತಲೆ ಮೇಲೆ ಕರೆಂಟ್ ತಂತಿ ಇದೆಯಾ ನೋಡಿ. ಒದ್ದೆ ಬಿದಿರಿನಲ್ಲೂ ಕರೆಂಟು ಹರಿಯುತ್ತದೆ.

ಕೊಕ್ಕೆ ಬೆರಳಿಗೆ ಹೊಕ್ಕರೆ ಹಿಂದಕ್ಕೆ ಕೀಳಬೇಡಿ. ತುದಿಯ ಹಿಂದೆ ಒಂದು ಹಿಮ್ಮುಳ್ಳು ಇರುತ್ತದೆ, ಮಾಂಸ ಕಿತ್ತು ಬರುತ್ತದೆ. ದಾರ ಕಡಿದು ಆಸ್ಪತ್ರೆಗೆ ಹೋಗಿ. ಟಿ.ಟಿ. ಇಂಜೆಕ್ಷನ್ ಕೇಳಿ. ಮಕ್ಕಳ ಕೈಗೆ ಗಾಳ ಕೊಡುವುದಾದರೆ ಆ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಚೇಳು ಮೀನು ಸಿಕ್ಕರೆ ಬರಿಗೈಯಲ್ಲಿ ಹಿಡಿಯಬೇಡಿ. ಕಿವಿಯ ಪಕ್ಕದ ಮುಳ್ಳು ಚುಚ್ಚಿದರೆ ಹೆಸರಿಗೆ ತಕ್ಕ ಉರಿ. ಚುಚ್ಚಿದ ಕೈಯನ್ನು ತಡೆಯುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಇಟ್ಟರೆ ನೋವು ಇಳಿಯುತ್ತದೆ. ಬಾವು ಏರಿದರೆ ಡಾಕ್ಟರಿಗೆ ತೋರಿಸಿ.

ಕಡಿದ ದಾರವನ್ನು ಕೆರೆಯಲ್ಲಿ ಬಿಡಬೇಡಿ, ಕೈಗೆ ಸಿಕ್ಕಷ್ಟನ್ನು ಸುತ್ತಿ ಮನೆಗೆ ತನ್ನಿ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು ಗೊತ್ತಲ್ಲ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಆ ಊರಿನವರು ಅವನ್ನು ನೋಡಿಕೊಳ್ಳುತ್ತಾರೆ. 2007ರಲ್ಲಿ ಸರ್ಕಾರ ಆ ಜಾಗವನ್ನು ಸಮುದಾಯ ಮೀಸಲು ಅಂತ ಘೋಷಿಸಿತು. ಆ ಹಕ್ಕಿಗಳು ಮೀನು ತಿನ್ನಲು ಬರುವುದು ಸುತ್ತಲಿನ ಕೆರೆಗಳಿಗೇ. ಕಾಲಿಗೆ, ಕೊಕ್ಕಿಗೆ ನೈಲಾನ್ ದಾರ ಸುತ್ತಿಕೊಂಡರೆ ಹಾರಲಾರವು, ತಿನ್ನಲಾರವು. ದಾರ ಎಷ್ಟೋ ವರ್ಷ ಕೊಳೆಯುವುದೇ ಇಲ್ಲ.

ನಮ್ಮ ಮಳವಳ್ಳಿ ಅಕ್ಕ ಮತ್ತೆ ಅದೇ ಅಂಗಡಿಗೆ ಹೋದರು. ಈ ಸಲ 8ನೇ ನಂಬರು ಅಂತ ಕೇಳಿ, ಪ್ಯಾಕೆಟ್ಟು ತಿರುಗಿಸಿ ಓದಿ ತೆಗೆದುಕೊಂಡರು. "ಏನಕ್ಕ, ಹೆಂಗಸ್ರೂ ಗಾಳ ಹಾಕಕ್ಕೆ ಹೊಂಟ್ರಾ?" ಅಂದನಂತೆ ಅಂಗಡಿಯವನು. "ಊ ಕನಪ್ಪ, ಮೀನಿಗೇನು ಗೊತ್ತಾಯ್ತದೆ ಕೋಲು ಹಿಡಿದಿರೋರು ಯಾರು ಅಂತ" ಅಂದು ಬಂದರಂತೆ. ಕೊಕ್ಕೆಗಳನ್ನು ಒಂದು ಔಷಧಿ ಡಬ್ಬಿಯಲ್ಲಿ ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ ಅಟ್ಟದ ಮೇಲೆ ಇಟ್ಟಿದ್ದಾರೆ. ಹಳೇ 16ನೇ ನಂಬರಿನ ಪ್ಯಾಕೆಟ್ಟೂ ಅಲ್ಲೇ ಇದೆ.