ಆಸ್ಥಾನ ಬಿಟ್ಟು ಹೊರಟ ವಾದಕ

ಇಯಾನ್ ಮೆಕ್‌ಡೊನಾಲ್ಡ್ ಹದಿನೈದರ ಹರೆಯದಲ್ಲಿ ಬ್ರಿಟಿಷ್ ಸೇನೆಯ ಬ್ಯಾಂಡಿಗೆ ಸೇರಿದರು. ಅಲ್ಲಿದ್ದ ಐದು ವರ್ಷಗಳಲ್ಲಿ ಕ್ಲಾರಿನೆಟ್ ಕಲಿತರು, ಸ್ವರಲಿಪಿ ಓದುವುದನ್ನೂ ವಾದ್ಯವೃಂದಕ್ಕೆ ಸಂಗೀತ ಬರೆಯುವುದನ್ನೂ ಕಲಿತರು. ಸ್ಯಾಕ್ಸೊಫೋನ್, ಕೊಳಲು, ಗಿಟಾರ್, ಕೀಬೋರ್ಡ್ ಎಲ್ಲವೂ ಕೈಹತ್ತಿದವು. ರಾಕ್ ಸಂಗೀತಗಾರರಲ್ಲಿ ಹೆಚ್ಚಿನವರು ಕಿವಿಯಿಂದಲೇ ಕಲಿತವರಾಗಿದ್ದ ಆ ಕಾಲದಲ್ಲಿ ಇಂಥ ತಯಾರಿ ಅಪರೂಪ. 23ನೇ ವಯಸ್ಸಿಗೆ ಅವರು ಒಂದು ಆಲ್ಬಮ್ ಮಾಡಿ ಮುಗಿಸಿದ್ದರು. ಅದು ಹೊರಬಂದ ಎರಡೇ ತಿಂಗಳಿಗೆ ತಂಡವನ್ನು ಬಿಟ್ಟರು. ಆ ಆಲ್ಬಮ್ಮಿನ ಬಗ್ಗೆ ಜನ ಇಂದಿಗೂ ಮಾತಾಡುತ್ತಿದ್ದಾರೆ. ನನ್ನನ್ನು ಮತ್ತೆ ಮತ್ತೆ ಅದರ ಕಡೆಗೆ ಎಳೆಯುವುದು ಮಾತ್ರ ಈ ಮನುಷ್ಯ.

ಆಲ್ಬಮ್ಮಿನ ಹೆಸರು 'ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್', ತಂಡ ಕಿಂಗ್ ಕ್ರಿಮ್ಸನ್. ಬ್ರಿಟನ್ನಿನಲ್ಲಿ ಐಲ್ಯಾಂಡ್ ಕಂಪನಿ ಅದನ್ನು ಬಿಡುಗಡೆ ಮಾಡಿದ್ದು 1969ರ ಅಕ್ಟೋಬರ್ 10ರಂದು. ಹಾಡುಗಳು ಬರೀ ಐದು, ಒಟ್ಟು ಅವಧಿ ಸುಮಾರು 44 ನಿಮಿಷ. ಪ್ರೊಗ್ರೆಸಿವ್ ರಾಕ್ ಎಂದು ಮುಂದೆ ಹೆಸರಾದ ಪ್ರಕಾರ ಇಲ್ಲಿಂದಲೇ ಶುರುವಾಯಿತು ಎನ್ನುವವರು ಬಹಳ ಮಂದಿ. ಬೆಂಗಳೂರಿನ ರಾಕ್ ಕೇಳುಗರಿಗೆ ಪಿಂಕ್ ಫ್ಲಾಯ್ಡ್, ಜೆಥ್ರೊ ಟಲ್ ಚೆನ್ನಾಗಿ ಗೊತ್ತು. ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ 2002ರಲ್ಲಿ ಅರಮನೆ ಮೈದಾನದಲ್ಲೇ ಹಾಡಿ ಹೋದರು. ಕಿಂಗ್ ಕ್ರಿಮ್ಸನ್ ಹೆಸರು ನಮ್ಮಲ್ಲಿ ಅಷ್ಟು ಓಡಾಡಲಿಲ್ಲ. ಪರಿಚಯಿಸಿಕೊಳ್ಳಲು ಕಾಲವೇನೂ ಮೀರಿಲ್ಲ.

ಇದರ ಬೇರು ಒಂದು ಸೋತ ತಂಡದಲ್ಲಿದೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಕಡೆಯ ಅಣ್ಣತಮ್ಮಂದಿರಾದ ಮೈಕೆಲ್ ಜೈಲ್ಸ್ ಮತ್ತು ಪೀಟರ್ ಜೈಲ್ಸ್ ಹಾಡಬಲ್ಲ ಆರ್ಗನ್ ವಾದಕ ಬೇಕೆಂದು ಜಾಹೀರಾತು ಕೊಟ್ಟರು. ಬಂದವರು ರಾಬರ್ಟ್ ಫ್ರಿಪ್. ಅವರಿಗೆ ಹಾಡಲು ಬಾರದು, ಆರ್ಗನ್ನೂ ಬಾರದು, ಬರುತ್ತಿದ್ದದ್ದು ಗಿಟಾರ್. ಮೂವರೂ ಸೇರಿ 1968ರಲ್ಲಿ ಒಂದು ಆಲ್ಬಮ್ ತಂದರು, ಕೊಂಡವರು ತೀರಾ ಕಡಿಮೆ. ಆ ಹೊತ್ತಿಗೆ ಮೆಕ್‌ಡೊನಾಲ್ಡ್ ಅವರ ಜತೆ ಸೇರಿಕೊಂಡರು. ಗಾಯಕಿ ಜೂಡಿ ಡೈಬಲ್ ಕೂಡ ಕೆಲಕಾಲ ಇದ್ದರು. ಲಂಡನ್ನಿನ ಬ್ರಾಂಡ್ಸ್‌ಬರಿ ರಸ್ತೆಯ ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಹಾಡುಗಳನ್ನು ತುಂಬಿಸಿಕೊಳ್ಳುತ್ತಿದ್ದರು. ಈ ಆಲ್ಬಮ್ಮಿನ 'ಐ ಟಾಕ್ ಟು ದ ವಿಂಡ್' ಮೊದಲು ರೂಪ ತಳೆದದ್ದು ಆ ಮನೆಯಲ್ಲಿ. ಮೆಕ್‌ಡೊನಾಲ್ಡ್ ಬರುವಾಗ ತಮ್ಮ ಗೆಳೆಯ ಪೀಟರ್ ಸಿನ್‌ಫೀಲ್ಡರನ್ನೂ ಕರೆತಂದಿದ್ದರು. ಸಿನ್‌ಫೀಲ್ಡ್ ಕಂಪ್ಯೂಟರ್ ಕೆಲಸ ಮಾಡುತ್ತ ಕವಿತೆ ಬರೆಯುತ್ತಿದ್ದವರು. ತಂಡಕ್ಕೆ ಹೆಸರಿಟ್ಟವರು ಅವರೇ. ಸಾಹಿತ್ಯ ಬರೆಯುವುದೂ ವೇದಿಕೆಯ ದೀಪಗಳನ್ನು ಆಡಿಸುವುದೂ ಅವರ ಪಾಲಿನ ಕೆಲಸವಾಯಿತು. ಪೀಟರ್ ಜೈಲ್ಸ್ ಹೊರಟುಹೋದ ಮೇಲೆ ಬಾಸ್ ನುಡಿಸಲು, ಹಾಡಲು ಫ್ರಿಪ್ ತಮ್ಮ ಹಳೆಯ ಸ್ನೇಹಿತ ಗ್ರೆಗ್ ಲೇಕ್‌ರನ್ನು ಕರೆದರು. ಇಬ್ಬರೂ ಹುಡುಗರಾಗಿದ್ದಾಗ ಒಬ್ಬರೇ ಗುರುವಿನ ಬಳಿ ಗಿಟಾರ್ ಕಲಿತವರು.

1969ರ ಜನವರಿ 13ರಂದು ಫುಲಾಮ್ ಪ್ಯಾಲೆಸ್ ರಸ್ತೆಯ ಒಂದು ಕೆಫೆಯ ನೆಲಮಾಳಿಗೆಯಲ್ಲಿ ಅಭ್ಯಾಸ ಶುರುವಾಯಿತು. ಏಪ್ರಿಲ್‌ನಲ್ಲಿ ಮೊದಲ ಕಛೇರಿ. ಮೇ ತಿಂಗಳಲ್ಲಿ ಒಂದು ಕ್ಲಬ್ಬಿನಲ್ಲಿ ಇವರನ್ನು ಕೇಳಿದ ಜಿಮಿ ಹೆಂಡ್ರಿಕ್ಸ್ ಫ್ರಿಪ್ ಹತ್ತಿರ ಬಂದು, ಎಡಗೈ ಹೃದಯಕ್ಕೆ ಹತ್ತಿರ ಎಂದು ಹೇಳಿ ಎಡಗೈಯನ್ನೇ ಕುಲುಕಿದರಂತೆ. ಇದನ್ನು ಫ್ರಿಪ್ ಎಷ್ಟೋ ಸಲ ನೆನೆದಿದ್ದಾರೆ. ಜುಲೈ 5ರಂದು ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಉಚಿತ ಕಛೇರಿ ನಡೆಯಿತು, ಲಕ್ಷಗಟ್ಟಲೆ ಜನ ಸೇರಿದ್ದರು. ಆ ಜನರೆದುರು ಸ್ಟೋನ್ಸ್‌ಗಿಂತ ಮೊದಲು ನುಡಿಸುವ ಅವಕಾಶ ಇನ್ನೂ ಒಂದು ರೆಕಾರ್ಡನ್ನೂ ತರದಿದ್ದ ಈ ಹುಡುಗರಿಗೆ ಸಿಕ್ಕಿತು. ನೆಲಮಾಳಿಗೆಯಿಂದ ಹೈಡ್ ಪಾರ್ಕಿಗೆ ಆರು ತಿಂಗಳೂ ಹಿಡಿಯಲಿಲ್ಲ.

ಇನ್ನು ಈ ಆಲ್ಬಮ್ಮಿನಲ್ಲಿ ಮೆಕ್‌ಡೊನಾಲ್ಡ್ ನುಡಿಸಿದ ಮೆಲೊಟ್ರಾನ್. ಈ ಯಂತ್ರದ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು. ಬರ್ಮಿಂಗ್‌ಹ್ಯಾಮ್ ಬಳಿ ಬ್ರ್ಯಾಡ್ಲಿ ಸಹೋದರರು 1960ರ ದಶಕದ ಆರಂಭದಲ್ಲಿ ತಯಾರಿಸತೊಡಗಿದ ಕೀಬೋರ್ಡ್ ಇದು. ಮೂಲ ಕಲ್ಪನೆ ಅಮೆರಿಕದ ಹ್ಯಾರಿ ಚೇಂಬರ್ಲಿನ್ ಅವರದು. ಮರದ ಪೆಟ್ಟಿಗೆಯೊಳಗೆ ಪ್ರತಿ ಕೀಲಿಗೂ ಒಂದೊಂದು ಟೇಪಿನ ಪಟ್ಟಿ. ಅದರ ಮೇಲೆ ನಿಜವಾದ ಪಿಟೀಲುಗಳ, ಕೊಳಲಿನ ಒಂದೊಂದು ಸ್ವರ ಮುದ್ರಿತವಾಗಿರುತ್ತದೆ. ಕೀಲಿ ಒತ್ತಿದರೆ ಟೇಪು ಓಡುತ್ತದೆ, ಸ್ವರ ಕೇಳುತ್ತದೆ. ಎಂಟು ಸೆಕೆಂಡಿಗೆ ಪಟ್ಟಿ ಮುಗಿಯುತ್ತದೆ, ಸ್ವರ ನಿಲ್ಲುತ್ತದೆ. ಬೆರಳು ತೆಗೆದರೆ ಸ್ಪ್ರಿಂಗು ಟೇಪನ್ನು ಮೊದಲಿನ ಜಾಗಕ್ಕೆ ಎಳೆದುಕೊಳ್ಳುತ್ತದೆ, ಆಮೇಲೆ ಮತ್ತೆ ಒತ್ತಬೇಕು. ಹಾಗಾಗಿ ದೀರ್ಘವಾದ ಸ್ವರಮೇಳ ಬೇಕೆಂದರೆ ಎಲ್ಲ ಬೆರಳನ್ನೂ ಒಮ್ಮೆಗೇ ಎತ್ತುವಂತಿಲ್ಲ. ಒಂದೊಂದನ್ನೇ ಎತ್ತಿ, ಪಕ್ಕದ ಕೀಲಿಗೆ ಸರಿಸಿ, ಎಲ್ಲೂ ಕಡಿದುಹೋಗದಂತೆ ಹೆಣೆಯುತ್ತ ಹೋಗಬೇಕು. ನೂರೈವತ್ತು ಕಿಲೋ ಮೀರಿದ ಈ ಪೆಟ್ಟಿಗೆಯನ್ನು ಊರೂರಿಗೆ ಹೊರುವುದೇ ಒಂದು ಪಾಡು. ವೇದಿಕೆಯಲ್ಲಿ ವಿದ್ಯುತ್ತು ಸ್ವಲ್ಪ ಏರುಪೇರಾದರೂ ಶ್ರುತಿ ಜಾರುತ್ತದೆ.

ಮೆಕ್‌ಡೊನಾಲ್ಡ್ ಈ ಯಂತ್ರದ ದೌರ್ಬಲ್ಯವನ್ನೇ ಬಲವಾಗಿ ಬಳಸಿಕೊಂಡರು ಎಂಬುದು ನನ್ನ ನಂಬಿಕೆ. ಹೆಚ್ಚಿನವರು ಮೆಲೊಟ್ರಾನನ್ನು ಪಿಟೀಲಿನವರಿಗೆ ಕೊಡುವ ಸಂಬಳ ಉಳಿಸುವ ಸಾಧನವೆಂದು ನೋಡಿದ್ದರು. ಸೇನೆಯ ಬ್ಯಾಂಡಿನಲ್ಲಿ ವಾದ್ಯಗಳನ್ನು ಒಂದರ ಮೇಲೊಂದು ಕಟ್ಟುವ ಕ್ರಮ ಕಲಿತಿದ್ದ ಇವರು ಸ್ಟುಡಿಯೊದಲ್ಲಿ ಮೆಲೊಟ್ರಾನಿನ ಮೇಲೆ ಮೆಲೊಟ್ರಾನ್ ಪದರಗಳನ್ನು ಏರಿಸುತ್ತ ಹೋದರು. 'ಎಪಿಟಾಫ್' ಕೇಳಿ. ಲೇಕ್ ಅವರ ತುಂಬು ಕಂಠದ ಹಿಂದೆ ಏಳುವ ಆ ತಂತಿ ನಾದ ನಿಜವಾದ ಪಿಟೀಲು ಮೇಳದಂತೆ ನುಣುಪಾಗಿಲ್ಲ. ಅಂಚಿನಲ್ಲಿ ಸಣ್ಣ ನಡುಕವಿದೆ, ಟೇಪಿನ ಉಸಿರು ಇದೆ. ಯುದ್ಧದ, ವಿನಾಶದ ಭಯ ತುಂಬಿದ ಹಾಡಿಗೆ ಅದಕ್ಕಿಂತ ಒಪ್ಪುವ ಸ್ವರ ಇನ್ನೊಂದಿಲ್ಲ.

ಶೀರ್ಷಿಕೆ ಗೀತೆಗೆ ಸಂಗೀತ ಕೂಡಿಸಿದವರೂ ಮೆಕ್‌ಡೊನಾಲ್ಡರೇ. ಅದರ ನಡುವೆ ಅವರೇ ನುಡಿಸಿದ ಪುಟ್ಟ ಕೊಳಲಿನ ಭಾಗ ಬರುತ್ತದೆ. ಕೊನೆಯಲ್ಲಿ ಎಲ್ಲ ವಾದ್ಯಗಳೂ ನಿಂತುಬಿಡುತ್ತವೆ. ಮೊದಲ ಸಲ ಕೇಳುವವರು ಹಾಡು ಮುಗಿಯಿತೆಂದೇ ಎಣಿಸುತ್ತಾರೆ. ಕ್ಷಣ ಬಿಟ್ಟು ಆರ್ಗನ್ನೊಂದು ಒಬ್ಬಂಟಿಯಾಗಿ, ಆಟಿಕೆಯ ಪೀಪಿಯಷ್ಟು ಸಣ್ಣ ದನಿಯಲ್ಲಿ ಅದೇ ರಾಗವನ್ನು ಎತ್ತಿಕೊಳ್ಳುತ್ತದೆ. ಅದರ ಬೆನ್ನಿಗೇ ಇಡೀ ತಂಡ ಮತ್ತೆ ಮೇಲೆರಗುತ್ತದೆ, ಆಮೇಲೆ ಕತ್ತರಿಸಿದ ಹಾಗೆ ನಿಲ್ಲುತ್ತದೆ.

ಮೊದಲು ಮೂಡಿ ಬ್ಲೂಸ್ ತಂಡದ ನಿರ್ಮಾಪಕ ಟೋನಿ ಕ್ಲಾರ್ಕ್ ಅವರ ಜತೆ ಧ್ವನಿಮುದ್ರಣ ನಡೆದಿತ್ತು, ಹೊಂದಿಕೆಯಾಗಲಿಲ್ಲ. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಲಂಡನ್ನಿನ ಹೈಬರಿಯ ವೆಸೆಕ್ಸ್ ಸ್ಟುಡಿಯೊದಲ್ಲಿ, ಎಂಟು ಟ್ರ್ಯಾಕಿನ ಟೇಪಿನ ಮೇಲೆ, ಇವರೇ ನಿರ್ಮಾಪಕರಾಗಿ ಕೆಲಸ ಮುಗಿಸಿದರು. ಯಾರಿಗೂ ಮೊದಲು ಆಲ್ಬಮ್ ನಿರ್ಮಿಸಿದ ಅನುಭವವಿರಲಿಲ್ಲ.

ಆಲ್ಬಮ್ ತೆರೆದುಕೊಳ್ಳುವ '21ಸ್ಟ್ ಸೆಂಚುರಿ ಸ್ಕಿಜಾಯ್ಡ್ ಮ್ಯಾನ್' ವಿಯೆಟ್ನಾಂ ಯುದ್ಧದ ಕಾಲದ ಕೋಪ. ಲೇಕ್ ಕಂಠವನ್ನು ಬೇಕೆಂದೇ ಒಡಕಲು ಮಾಡಿದ್ದಾರೆ. ನಡುವೆ ಸ್ಯಾಕ್ಸೊಫೋನ್, ಗಿಟಾರ್, ಬಾಸ್, ಡ್ರಮ್ಸ್ ನಾಲ್ಕೂ ಒಂದೇ ವೇಗದ ಓಟದಲ್ಲಿ ಓಡಿ, ಒಂದೇ ಕ್ಷಣದಲ್ಲಿ ನಿಂತು, ಮೌನ ಬಿಟ್ಟು, ಮತ್ತೆ ಓಡುತ್ತವೆ. 2010ರಲ್ಲಿ ಕಾನ್ಯೆ ವೆಸ್ಟ್ ತಮ್ಮ 'ಪವರ್' ಹಾಡಿಗೆ ಇದರ ತುಣುಕನ್ನೇ ಎತ್ತಿಕೊಂಡಾಗ ಹೊಸ ತಲೆಮಾರು ಮೂಲವನ್ನು ಹುಡುಕಿಕೊಂಡು ಬಂತು. 'ಮೂನ್‌ಚೈಲ್ಡ್' ಬಗ್ಗೆ ಮಾತ್ರ ಅಭಿಮಾನಿಗಳಲ್ಲಿ ಇಂದಿಗೂ ಜಗಳ. ಎರಡೂವರೆ ನಿಮಿಷದ ಹಾಡಾದ ಮೇಲೆ ಸುಮಾರು ಒಂಬತ್ತು ನಿಮಿಷ ಮೆತ್ತಗೆ ನಡೆಯುವ ಆಶುವಾದನ. ಜಾಗ ತುಂಬಿಸಲು ನುಡಿಸಿದ್ದು ಎನ್ನುವವರಿದ್ದಾರೆ. 2009ರ ಮರುಮಿಶ್ರಣದಲ್ಲಿ ಅದನ್ನು ಕೆಲವು ನಿಮಿಷ ಕತ್ತರಿಸಲಾಯಿತು. ನನಗೆ ಪೂರ್ತಿಯೇ ಇಷ್ಟ. ಒಬ್ಬರ ಸ್ವರಕ್ಕೆ ಇನ್ನೊಬ್ಬರು ಕಾದು ಕೂರುವುದು ಅಲ್ಲಿ ಕೇಳಿಸುತ್ತದೆ.

ಮುಖಪುಟದ ಚಿತ್ರ ಬರೆದವರು ಸಿನ್‌ಫೀಲ್ಡರ ಗೆಳೆಯ ಬ್ಯಾರಿ ಗಾಡ್ಬರ್. ಅವರೂ ಕಂಪ್ಯೂಟರ್ ಪ್ರೋಗ್ರಾಮರ್. ಕನ್ನಡಿಯಲ್ಲಿ ತಮ್ಮದೇ ಮುಖ ನೋಡಿಕೊಂಡು ಚೀರುವ ಆ ಕೆಂಪು ಮುಖವನ್ನು ಬರೆದರು. ತಂಡದ ಹೆಸರಾಗಲಿ ಆಲ್ಬಮ್ಮಿನ ಹೆಸರಾಗಲಿ ಮುಖಪುಟದ ಮೇಲಿಲ್ಲ. ಮೂಗಿನ ಹೊಳ್ಳೆ, ಗಂಟಲಿನ ಕಿರುನಾಲಿಗೆ, ಪಕ್ಕಕ್ಕೆ ಹೊರಳಿದ ಕಣ್ಣು, ಅಷ್ಟೇ. ಒಳಪುಟದಲ್ಲಿ ನಗುವ ದೊರೆಯ ಮುಖವಿದೆ. ಅದರ ನಗುವನ್ನು ಕೈಯಿಂದ ಮುಚ್ಚಿ ನೋಡಿದರೆ ಕಣ್ಣುಗಳಲ್ಲಿ ದುಃಖವೇ ತುಂಬಿದೆ ಎಂದು ಫ್ರಿಪ್ ಒಮ್ಮೆ ಹೇಳಿದ್ದರು. ನಾನೂ ಹಾಗೆ ಮುಚ್ಚಿ ನೋಡಿದ್ದೇನೆ, ಅವರ ಮಾತು ನಿಜ. ಗಾಡ್ಬರ್ 1970ರ ಫೆಬ್ರವರಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 24. ಅವರು ಬರೆದ ಆಲ್ಬಮ್ ಮುಖಪುಟ ಇದೊಂದೇ. ಮೂಲ ಚಿತ್ರ ಮ್ಯಾನೇಜರರ ಕಚೇರಿಯಲ್ಲಿ ಬಿಸಿಲಿಗೆ ಬಣ್ಣ ಕೆಡುವಂತಿದ್ದುದನ್ನು ಕಂಡು ಫ್ರಿಪ್ ಅದನ್ನು ಅಲ್ಲಿಂದ ತೆಗೆದುಕೊಂಡು ಹೋಗಿ ಕಾಪಾಡಿದರು.

ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಐದನೇ ಸ್ಥಾನಕ್ಕೆ, ಅಮೆರಿಕದಲ್ಲಿ 28ಕ್ಕೆ ಏರಿತು. ತಂಡ ಅಮೆರಿಕ ಪ್ರವಾಸಕ್ಕೆ ಹೊರಟಿತು. ಆ ಪ್ರವಾಸದಲ್ಲೇ ಮೆಕ್‌ಡೊನಾಲ್ಡ್ ಮತ್ತು ಮೈಕೆಲ್ ಜೈಲ್ಸ್ ತಾವು ಬಿಡುವುದಾಗಿ ಹೇಳಿದರು. ಮೆಕ್‌ಡೊನಾಲ್ಡ್ ಉಳಿಯುವುದಾದರೆ ತಾನೇ ಹೊರಗೆ ಹೋಗುತ್ತೇನೆ ಎಂದರು ಫ್ರಿಪ್. ಪ್ರಯೋಜನವಾಗಲಿಲ್ಲ. 1969ರ ಡಿಸೆಂಬರ್ 14, ಸ್ಯಾನ್ ಫ್ರಾನ್ಸಿಸ್ಕೊದ ಫಿಲ್ಮೋರ್ ವೆಸ್ಟ್. ಆ ನಾಲ್ವರು ಜತೆಯಾಗಿ ನುಡಿಸಿದ ಕೊನೆಯ ರಾತ್ರಿ ಅದು. ಲೇಕ್ ಮುಂದಿನ ವರ್ಷ ಕೀತ್ ಎಮರ್ಸನ್, ಕಾರ್ಲ್ ಪಾಮರ್ ಜತೆ ಬೇರೆ ತಂಡ ಕಟ್ಟಿದರು.

ಅವರು ಚದುರಿಹೋದ ಮೇಲೆಯೇ ಆಲ್ಬಮ್ಮಿನ ನಿಜವಾದ ಬದುಕು ಶುರುವಾಯಿತು ಎನ್ನಬಹುದು. ಅಂದು ಸಭೆಯಲ್ಲಿ ಕೂತು ಕೇಳಿದ ಹುಡುಗರು ಮುಂದೆ ವಾದಕರಾದರು. ಯೆಸ್ ತಂಡದ ಡ್ರಮ್ಮರ್ ಬಿಲ್ ಬ್ರುಫರ್ಡ್ 1969ರಲ್ಲಿ ಇವರನ್ನು ಕೇಳಿ, ತಾನಿರಬೇಕಾದದ್ದು ಆ ತಂಡದಲ್ಲಿ ಎಂದುಕೊಂಡರು. 1972ರಲ್ಲಿ ಹೆಸರು ಮಾಡಿದ್ದ ಯೆಸ್ಸನ್ನೇ ಬಿಟ್ಟು ಕಿಂಗ್ ಕ್ರಿಮ್ಸನ್ ಸೇರಿದರು. ಸ್ಟೀವ್ ಹ್ಯಾಕೆಟ್ ಜೆನೆಸಿಸ್ ತಂಡ ಸೇರಿದಾಗ ಕಿಂಗ್ ಕ್ರಿಮ್ಸನ್ ಕಡೆಯಿಂದಲೇ ಒಂದು ಮೆಲೊಟ್ರಾನ್ ಕೊಳ್ಳಲು ಉಳಿದವರನ್ನು ಒಪ್ಪಿಸಿದರು. 1996ರಲ್ಲಿ ಟೋಕಿಯೊ ವೇದಿಕೆಯಲ್ಲಿ ಅದೇ ಶೀರ್ಷಿಕೆ ಗೀತೆಯನ್ನು ನುಡಿಸುವಾಗ ಹ್ಯಾಕೆಟ್ ಪಕ್ಕದಲ್ಲಿ ಮೆಕ್‌ಡೊನಾಲ್ಡ್ ಇದ್ದರು. ಜಾಕೊ ಜಾಕ್ಸಿಕ್ ಎಂಬ ಹದಿಮೂರರ ಹುಡುಗ 1971ರಲ್ಲಿ ವಾಟ್‌ಫರ್ಡ್‌ನಲ್ಲಿ ತಂಡದ ಕಛೇರಿ ಕೇಳಿದ. ಅವರು ದೊಡ್ಡವರಾದ ಮೇಲೆ, 2002ರಲ್ಲಿ, ಮೆಕ್‌ಡೊನಾಲ್ಡ್, ಜೈಲ್ಸ್ ಸಹೋದರರು, ಸ್ಯಾಕ್ಸೊಫೋನಿನ ಮೆಲ್ ಕಾಲಿನ್ಸ್ ಇವರನ್ನು ಒಟ್ಟುಗೂಡಿಸಿದ ತಂಡದಲ್ಲಿ ಹಾಡಿದರು. ಹತ್ತು ವರ್ಷ ಕಳೆದು ಕಿಂಗ್ ಕ್ರಿಮ್ಸನ್‌ನ ಗಾಯಕರೇ ಆದರು.

ಆಲ್ಬಮ್ಮನ್ನು ಉಳಿಸಿಕೊಂಡದ್ದು ಸುಲಭದ ಮಾತಾಗಿರಲಿಲ್ಲ. ಮೂಲ ಮಿಶ್ರಣದ ಹೊತ್ತಿಗೆ ಟೇಪ್ ಯಂತ್ರದ ಹೆಡ್ ಸರಿಯಾಗಿ ಕೂತಿರಲಿಲ್ಲ, ಮೇಲಿನ ಸ್ವರಗಳು ಮಸುಕಾದವು. ಅದನ್ನು ಸರಿಪಡಿಸಲು ಒಂದು ಪ್ರತಿ ಮಾಡಿದರು. ಮುಂದಿನ ಮುದ್ರಣಗಳು ಪ್ರತಿಯ ಪ್ರತಿಗಳಿಂದಲೇ ಬಂದವು. ಮೊದಲ ಮಾಸ್ಟರ್ ಟೇಪು ಕಳೆದೇಹೋಯಿತೆಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು. ಈ ಶತಮಾನದ ಆರಂಭದಲ್ಲಿ ಅದು ಉಗ್ರಾಣದಲ್ಲಿ ಸಿಕ್ಕಿತು. ಆಮೇಲೆ ಸ್ಟೀವನ್ ವಿಲ್ಸನ್ ಮೂಲ ಟ್ರ್ಯಾಕುಗಳಿಂದ ಹೊಸದಾಗಿ ಮಿಶ್ರಣ ಮಾಡಿದರು. ಅವರೂ ಈ ಸಂಗೀತ ಕೇಳಿ ಬೆಳೆದ ಸಂಗೀತಗಾರರೇ. ತಂಡದ ಸಂಗೀತ ಸ್ಟ್ರೀಮಿಂಗ್‌ನಲ್ಲಿ ಪೂರ್ತಿಯಾಗಿ ಸಿಗತೊಡಗಿದ್ದು 2019ರಲ್ಲಷ್ಟೇ. ಮೊಬೈಲಿನಲ್ಲಿ ಬಿಡಿ ಹಾಡು ಕೇಳುವ ಅಭ್ಯಾಸದವರಲ್ಲಿ ನನ್ನ ವಿನಂತಿ ಒಂದೇ. ಇದನ್ನು ಮೊದಲಿನಿಂದ ಕೊನೆಯವರೆಗೆ, ಕ್ರಮ ತಪ್ಪಿಸದೆ, ಒಂದೇ ಸಲಕ್ಕೆ ಕೇಳಿ.

ಮೆಕ್‌ಡೊನಾಲ್ಡ್ ಮುಂದೆ ಏನಾದರು? ಮೈಕೆಲ್ ಜೈಲ್ಸ್ ಜತೆ ಒಂದು ಸೊಗಸಾದ ಆಲ್ಬಮ್ ಮಾಡಿದರು. 1974ರಲ್ಲಿ ಕಿಂಗ್ ಕ್ರಿಮ್ಸನ್‌ನ 'ರೆಡ್' ಆಲ್ಬಮ್ಮಿಗೆ ಬಂದು ಸ್ಯಾಕ್ಸೊಫೋನ್ ನುಡಿಸಿದರು, ತಂಡಕ್ಕೆ ಮರಳುವ ಮಾತೂ ಇತ್ತು. ಅಷ್ಟರಲ್ಲಿ ಫ್ರಿಪ್ ತಂಡವನ್ನೇ ವಿಸರ್ಜಿಸಿದರು. ಆಮೇಲೆ ಅಮೆರಿಕದಲ್ಲಿ ಫಾರಿನರ್ ತಂಡದ ಸ್ಥಾಪಕರಲ್ಲಿ ಒಬ್ಬರಾಗಿ ಕೋಟಿಗಟ್ಟಲೆ ರೆಕಾರ್ಡು ಮಾರಿದ ಸಂಗೀತದಲ್ಲಿ ಪಾಲುಗೊಂಡರು. ಆದರೂ ಅವರನ್ನು ಕಂಡವರು ಕೇಳುತ್ತಿದ್ದದ್ದು 1969ರ ವಿಷಯವನ್ನೇ. ಆ ವರ್ಷದ ಕಛೇರಿಗಳ ಧ್ವನಿಮುದ್ರಣಗಳು 1997ರಲ್ಲಿ ಹೊರಬಂದಾಗ ಸಿನ್‌ಫೀಲ್ಡರೂ ಒಳಗೊಂಡು ಅಂದಿನ ಐವರೂ ಲಂಡನ್ನಿನಲ್ಲಿ ಸೇರಿ ಅಭಿಮಾನಿಗಳ ಜತೆ ಕುಳಿತು ಕೇಳಿದರು. ನುಡಿಸಲಿಲ್ಲ, ಕೇಳಿದರು ಅಷ್ಟೇ. ತಂಡದ ಬಗ್ಗೆ ಟೋಬಿ ಏಮಿಸ್ ಮಾಡಿದ ಸಾಕ್ಷ್ಯಚಿತ್ರದಲ್ಲಿ, ಅರ್ಧ ಶತಮಾನ ಕಳೆದ ಮೇಲೂ, ಮೆಕ್‌ಡೊನಾಲ್ಡ್ ತಂಡ ಬಿಟ್ಟದ್ದಕ್ಕೆ ಫ್ರಿಪ್‌ರ ಕ್ಷಮೆ ಕೇಳುತ್ತಾರೆ. ಚಿತ್ರ ತೆರೆಗೆ ಬರುವ ಮುನ್ನವೇ, 2022ರ ಫೆಬ್ರವರಿ 9ರಂದು, ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಲೇಕ್ 2016ರಲ್ಲೇ ಹೋಗಿದ್ದರು, ಸಿನ್‌ಫೀಲ್ಡ್ 2024ರಲ್ಲಿ ಹೋದರು.

2019ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಂಡದ ಐವತ್ತು ವರ್ಷದ ಕಛೇರಿಗಳು ನಡೆದವು. ಹಳೆಯ ಆಲ್ಬಮ್ಮಿನ ಹಾಡುಗಳನ್ನು ಜಾಕ್ಸಿಕ್ ಹಾಡಿದರು, ಮೆಕ್‌ಡೊನಾಲ್ಡರ ಕೊಳಲು, ಸ್ಯಾಕ್ಸೊಫೋನ್ ಭಾಗಗಳನ್ನು ಮೆಲ್ ಕಾಲಿನ್ಸ್ ನುಡಿಸಿದರು. ಚೆನ್ನಾಗಿಯೇ ನುಡಿಸಿದರು. ಆದರೂ ಮೆಕ್‌ಡೊನಾಲ್ಡ್ ಆಗಿನ್ನೂ ಬದುಕಿದ್ದರು. ಒಂದು ಸಂಜೆಯ ಮಟ್ಟಿಗೆ, ಆ ಒಂದು ಶೀರ್ಷಿಕೆ ಗೀತೆಗಾದರೂ, ಅವರನ್ನು ವೇದಿಕೆಗೆ ಕರೆಯಬಹುದಿತ್ತು.