ನಂಜುಂಡ ನಂಜು ಕುಡಿದ, ಕಪಿಲೆಗೂ ಕುಡಿಸಬೇಕೇ?

ಸೋಮವಾರ ಬೆಳಿಗ್ಗೆ ಮೈಸೂರಿನಿಂದ ನಂಜನಗೂಡಿಗೆ ಹೊರಡುವ ಬಸ್ಸಿನಲ್ಲಿ ಕೂರಲು ಸೀಟು ಸಿಕ್ಕಿತೆಂದರೆ ಅದೇ ಮೊದಲ ಪ್ರಸಾದ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಕಾಸಿಲ್ಲದ ಪ್ರಯಾಣ ಶುರುವಾದ ಮೇಲಂತೂ ಕೇಳುವುದೇ ಬೇಡ. ಮುಡಿ ಕೊಡಲು ಹೊರಟ ಮಗು, ಹರಕೆ ತೀರಿಸಲು ಹೊರಟ ಅಜ್ಜಿ, ಜೊತೆಗೆ ದಿನಾ ಓಡಾಡುವ ನೌಕರರು, ಎಲ್ಲರೂ ಒಂದೇ ಬಸ್ಸಿನಲ್ಲಿ. ‘ಸ್ವಲ್ಪ ಸರ್ಕೊಳ್ಳಿ ಯಜಮಾನ್ರೇ’ ಅನ್ನುವಷ್ಟರಲ್ಲಿ 25 ಕಿಲೋಮೀಟರ್ ದಾರಿ ಮುಗಿದಿರುತ್ತದೆ.

ಇಷ್ಟು ಜನ ಬರುವುದು ಎರಡು ದರ್ಶನಕ್ಕೆ. ಒಂದು ಶ್ರೀಕಂಠೇಶ್ವರನದು, ಇನ್ನೊಂದು ಕಪಿಲೆಯದು.

ದೇವರ ಕಡೆ ಕೊರತೆಯಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ 1845ರಲ್ಲಿ ಕಟ್ಟಿಸಿದ ಏಳು ಅಂತಸ್ತಿನ, 120 ಅಡಿಯ ಗೋಪುರ ದೂರದಿಂದಲೇ ಕಾಣುತ್ತದೆ. ಸಮುದ್ರ ಮಥನದಲ್ಲಿ ಹುಟ್ಟಿದ ನಂಜನ್ನು ಉಂಡು ಲೋಕ ಕಾಯ್ದದ್ದಕ್ಕೆ ಈ ಸ್ವಾಮಿ ನಂಜುಂಡ. ಟಿಪ್ಪುವಿನ ಪಟ್ಟದಾನೆಯ ಕಣ್ಣು ಬೇನೆ ವಾಸಿಯಾದದ್ದಕ್ಕೆ ಆತ ಪಚ್ಚೆಯ ಲಿಂಗ ಒಪ್ಪಿಸಿ ‘ಹಕೀಂ ನಂಜುಂಡ’ ಎಂದು ಕರೆದನಂತೆ. ಊರವರು ಇಂದಿಗೂ ಹೇಳುವ ಮಾತಿದು. ಕಾಯಿಲೆ ಕಸಾಲೆ ಬಂದವರು ಇಲ್ಲಿಗೆ ಓಡಿ ಬರುವುದು ಆ ನಂಬಿಕೆಯಿಂದಲೇ.

ಕೊರತೆ ಇರುವುದು ಹೊಳೆಯ ಕಡೆ.

ಮೆಟ್ಟಿಲಿಳಿದು ನೋಡಿ

ಸ್ನಾನಘಟ್ಟದ ಮೆಟ್ಟಿಲಿಳಿದರೆ ಕಾಲಿಗೆ ಮೊದಲು ತಾಗುವುದು ನೀರಲ್ಲ, ಬಟ್ಟೆ. ಯಾರೋ ಬಿಟ್ಟ ಪಂಚೆ, ಯಾರೋ ಬಿಟ್ಟ ಸೀರೆ. ಉಟ್ಟ ಬಟ್ಟೆಯನ್ನು ಹೊಳೆಗೆ ಬಿಟ್ಟರೆ ರೋಗವೂ ದೋಷವೂ ಅದರ ಜೊತೆ ಹೋಗುತ್ತೆ ಅಂತ ಜನರ ನಂಬಿಕೆ. ಹೋಗುವುದೇನು, ಅಲ್ಲೇ ನಾಲ್ಕು ಮಾರು ಆಚೆ ಕಲ್ಲಿಗೆ ಸಿಕ್ಕಿಕೊಂಡಿರುತ್ತದೆ! ಹಿಂದಿನ ಹತ್ತಿ ಬಟ್ಟೆಯಾದರೆ ಕೊಳೆತು ಮಣ್ಣಾಗುತ್ತಿತ್ತು. ಈಗಿನ ಪಾಲಿಯೆಸ್ಟರ್ ಕೊಳೆಯುವುದಿಲ್ಲ. ಮುಳುಗು ಹಾಕುವವರ ಕಾಲಿಗೆ ಸುತ್ತಿಕೊಂಡರೆ ಜೀವಕ್ಕೇ ಅಪಾಯ.

ಇನ್ನು ಸೋಪು, ಶಾಂಪೂ. ಪುಣ್ಯಸ್ನಾನಕ್ಕೆ ಮೂರು ಮುಳುಗು ಸಾಕು. ನೊರೆ ಬರಿಸಿ ಎಂದು ಯಾವ ಪುರೋಹಿತರೂ ಹೇಳುವುದಿಲ್ಲ. ಆದರೂ ಮೆಟ್ಟಿಲ ತುಂಬ ಹರಿದ ಶಾಂಪೂ ಪೊಟ್ಟಣ. ಆ ನೊರೆ ಮೀನಿನ ಕಿವಿರಿಗೆ ಕೆಡುಕು.

‘ಹರಿಯೋ ನೀರಿಗೆ ಮೈಲಿಗೆ ಇಲ್ಲ ಬಿಡಿ’ ಅನ್ನುವವರುಂಟು. ಹರಿದರೆ ತಾನೇ? ಕೇರಳದ ವಯನಾಡಿನಿಂದ ಇಳಿದು ಬರುವ ಕಪಿಲೆಗೆ 1974ರಿಂದ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟೆ ಇದೆ. ಹಿಡಿಯುವುದು 19.52 ಟಿ.ಎಂ.ಸಿ. ಬೇಸಿಗೆಯಲ್ಲಿ ಕೆಳಗೆ ಎಷ್ಟು ನೀರು ಬರಬೇಕೆಂಬುದು ಆ ಕಟ್ಟೆಯ ಬಾಗಿಲಿಗೆ ಬಿಟ್ಟದ್ದು. ನೀರು ಸಣ್ಣದಾದಾಗ ಬಿಟ್ಟ ಬಟ್ಟೆ ಬಿಟ್ಟಲ್ಲೇ.

ಮಳೆಗಾಲದಲ್ಲಿ ಇದೇ ತಿರುಗುಮುರುಗು. ನಂಜನಗೂಡಿನಲ್ಲಿ ಬಿಸಿಲಿದ್ದರೂ ವಯನಾಡಿನಲ್ಲಿ ಜಡಿಮಳೆ ಹಿಡಿದರೆ ಕಟ್ಟೆ ಬೇಗ ತುಂಬುತ್ತದೆ, ಬಾಗಿಲು ತೆರೆಯುತ್ತಾರೆ, ಸ್ನಾನಘಟ್ಟ ಮುಳುಗುತ್ತದೆ. 2018ರಲ್ಲೂ 2019ರಲ್ಲೂ ಮಲ್ಲನಮೂಲೆ ಮಠದ ಹತ್ತಿರ ರಸ್ತೆಯ ಮೇಲೇ ನೀರು ಬಂದು ಮೈಸೂರು–ನಂಜನಗೂಡು ಸಂಚಾರ ನಿಂತದ್ದು ಬಸ್ಸಿನವರಿಗೆ ಮರೆತಿಲ್ಲ. ಅಂಥ ದಿನ ಹೊಳೆಗಿಳಿಯುವ ಹಟ ಬೇಡ. ಒಂದು ಚೊಂಬು ನೀರು ತಲೆಗೆ ಹಾಕಿಕೊಂಡರೂ ಸ್ವಾಮಿ ಒಪ್ಪುತ್ತಾನೆ.

ನೀರು ಹೋಗುವುದೆಲ್ಲಿಗೆ?

ನಂಜನಗೂಡು ದಾಟಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅದೂ ಪುಣ್ಯಸ್ನಾನದ ಜಾಗವೇ. ಅಲ್ಲಿಂದ ಮುಂದೆ ಶಿವನಸಮುದ್ರದ ಆಸುಪಾಸಿನಲ್ಲಿ ಬೆಂಗಳೂರಿಗೆ ಕುಡಿಯುವ ನೀರೆತ್ತುತ್ತಾರೆ. ಶುದ್ಧ ಮಾಡಿಯೇ ಕೊಡುತ್ತಾರೆ, ನಿಜ. ಆದರೂ ಬೆಂಗಳೂರಿನಿಂದ ಬಂದ ಭಕ್ತರು ಇಲ್ಲಿ ತೊಳೆದು ಬಿಟ್ಟದ್ದು ಅವರದೇ ನಲ್ಲಿಯ ದಾರಿ ಹಿಡಿಯುತ್ತದೆ ಎಂಬುದು ನೆನಪಿರಲಿ.

ಸರ್ಕಾರಕ್ಕೂ ಇದು ಗೊತ್ತಾಗಿದೆ. ನದಿ ತೀರದ ಪುಣ್ಯಕ್ಷೇತ್ರಗಳ ಸ್ನಾನಘಟ್ಟದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ, ಬಟ್ಟೆ ಬಿಡದಂತೆ ನೋಡಿಕೊಳ್ಳಲು ಅರಣ್ಯ, ಪರಿಸರ ಸಚಿವ ಈಶ್ವರ ಖಂಡ್ರೆ 2025ರ ಮಾರ್ಚ್‌ನಲ್ಲಿ ಅಧಿಕಾರಿಗಳಿಗೆ ಸೂಚಿಸಿದರು. ಸೂಚನೆ ಕಾಗದದ ಮೇಲೆ ಬರುತ್ತದೆ. ಪೊಟ್ಟಣ ತೂಗುವುದು ಅಂಗಡಿಯ ಮುಂದೆ.

‘ನಾನು ಮಾರ್ದೆ ಇದ್ರೆ ಪಕ್ಕದವನು ಮಾರ್ತಾನೆ’ ಎಂಬುದು ವ್ಯಾಪಾರಿಯ ಹಳೆಯ ಉತ್ತರ. ಲೆಕ್ಕ ಸರಿಯೇ. ಆದರೆ ದೊಡ್ಡ ಲೆಕ್ಕ ಬೇರೆ ಇದೆ. ಹೂವು, ಕಾಯಿ, ಹಣ್ಣು, ಹೋಟೆಲು, ಆಟೋ ಎಲ್ಲವೂ ನಡೆಯುವುದು ಜನ ಇಲ್ಲಿಗೆ ಬಂದು ಹೊಳೆಗಿಳಿಯುತ್ತಾರೆ ಎಂಬುದರ ಮೇಲೆ. ನೀರಿಗಿಳಿಯಲು ಅಸಹ್ಯವಾಯಿತೆಂದರೆ ಭಕ್ತ ಬಸ್ಸಿಳಿದು ಕೈಮುಗಿದು ಮುಂದಿನ ಬಸ್ಸಿಗೇ ವಾಪಸು. ಆಮೇಲೆ ಅಂಗಡಿಯಲ್ಲಿ ಕೂತು ನೊಣ ಹೊಡೆಯಬೇಕಾದವರು ಯಾರು?

ಪೊಟ್ಟಣದ ಸಾಲು ಇಳಿಸಿ ಆ ಜಾಗದಲ್ಲಿ ಸೀಗೆಪುಡಿ ಇಟ್ಟು, ಮನೆಯಲ್ಲಿ ಬಿಂದಿಗೆ ನೀರಿನಲ್ಲಿ ತಲೆ ತೊಳೆಯಲು ಕೊಂಡೊಯ್ಯಿರಿ ಎನ್ನಬಹುದು. ಒದ್ದೆ ಬಟ್ಟೆ ಕಟ್ಟಿಕೊಂಡು ಹೋಗಲು ಒಂದು ಕೈಚೀಲ ಮಾರಿದರೆ ಅದೂ ವ್ಯಾಪಾರವೇ. ಬಟ್ಟೆ ಬಿಡಲೇಬೇಕೆಂಬ ಹರಕೆಯವರಿಗೆ ಮೆಟ್ಟಿಲ ಮೇಲೆಯೇ ತೊಟ್ಟಿ ಇಟ್ಟು ದಿನಾ ಎತ್ತಿಸುವುದು ಊರನ್ನು ಆಳುವವರ ಕೆಲಸ. ಯಾತ್ರಿಕನ ಕೆಲಸ ಇನ್ನೂ ಸುಲಭ: ಬರಿಗೈಲಿ ಇಳಿಯುವುದು, ಉಟ್ಟದ್ದನ್ನು ವಾಪಸು ತರುವುದು.

ನಂಜುಂಡ ನಂಜನ್ನು ಗಂಟಲಲ್ಲೇ ತಡೆದ, ದೇವರಾದ್ದರಿಂದ ದಕ್ಕಿಸಿಕೊಂಡ. ಕಪಿಲೆಗೆ ಆ ಗಂಟಲಿಲ್ಲ.