ಕಾರ್ಡ್ ಇದ್ದರೆ ಖರ್ಚಿಲ್ಲವೇ?

“ನಮಗೇನು ಚಿಂತೆ, ಐದು ಲಕ್ಷದ ಕಾರ್ಡ್ ಇದೆಯಲ್ಲ!” ಆರೋಗ್ಯದ ಖರ್ಚಿನ ಮಾತು ಬಂದಾಗಲೆಲ್ಲ ಕೇಳಿಬರುವ ಸಮಾಧಾನವಿದು. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಅಡಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ ಎಂಬುದು ನಿಜ. ಆದರೆ ಆ ಕಾರ್ಡಿನ ಕೆಲಸ ಶುರುವಾಗುವುದು ರೋಗಿ ಅಡ್ಮಿಟ್ ಆದ ಮೇಲೆ. ಹೊರರೋಗಿ ವಿಭಾಗದ ಚೀಟಿ, ರಕ್ತಪರೀಕ್ಷೆ, ತಿಂಗಳು ತಿಂಗಳೂ ನುಂಗಬೇಕಾದ ಮಾತ್ರೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಡಿಸ್ಚಾರ್ಜ್ ಆದ ನಂತರದ ಔಷಧಿಯೂ 15 ದಿನಕ್ಕಷ್ಟೇ.

ಗಂಡನಿಗೆ ಸಕ್ಕರೆ ಕಾಯಿಲೆ, ಹೆಂಡತಿಗೆ ಬಿಪಿ ಇರುವ ಮನೆಯೊಂದನ್ನು ಲೆಕ್ಕ ಹಾಕಿ ನೋಡಿ. ಮಾತ್ರೆ, ತಪಾಸಣೆ, ಬಸ್ ಚಾರ್ಜು ಸೇರಿ ತಿಂಗಳಿಗೆ 1,500 ರೂಪಾಯಿ ಎಂದುಕೊಂಡರೂ ವರ್ಷಕ್ಕೆ 18,000, ಹತ್ತು ವರ್ಷಕ್ಕೆ 1,80,000. ಒಂದೇ ದಿನ ಕಟ್ಟುವ ಬಿಲ್ಲಲ್ಲವಾದ್ದರಿಂದ ಇದನ್ನು ಯಾರೂ ಸಾಲದ ಕಾರಣವೆಂದು ಎಣಿಸುವುದಿಲ್ಲ. ದುಡ್ಡು ಬಿಗಿಯಾದ ತಿಂಗಳು ಮೊದಲು ನಿಲ್ಲುವುದೂ ಈ ಮಾತ್ರೆಗಳೇ. ಹಾಗೆ ನಿಂತುನಿಂತು ಸಕ್ಕರೆ ಹತೋಟಿ ತಪ್ಪಿ, ಕಾಲಿನ ಗಾಯ ಕೊಳೆತು ಅಥವಾ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ಗೆ ಬಂದ ಮೇಲೆ ಕಾರ್ಡ್ ತೆರೆದುಕೊಳ್ಳುತ್ತದೆ. ಅಗ್ಗದ ಮಾತ್ರೆಯಲ್ಲಿ ತಡೆಯಬಹುದಾಗಿದ್ದ ಕಾಯಿಲೆಗೆ ಸರ್ಕಾರವೇ ಆಗ ದುಬಾರಿ ಬೆಲೆ ತೆರುತ್ತದೆ. ಅರ್ಥಶಾಸ್ತ್ರದ ದೃಷ್ಟಿಯಿಂದ ನನಗೆ ಸಂಕಟವಾಗುವುದು ಇಲ್ಲಿಯೇ. ವಿಮೆ ಸರಿಹೊಂದುವುದು ಎಂದೋ ಒಮ್ಮೆ ಬಂದೆರಗುವ ದೊಡ್ಡ ನಷ್ಟಕ್ಕೆ. ಪ್ರತಿ ತಿಂಗಳೂ ತಪ್ಪದೆ ಬರುವ ಖರ್ಚಿಗೆ ಬೇಕಾದದ್ದು ಹತ್ತಿರದಲ್ಲೊಂದು ಆಸ್ಪತ್ರೆ, ಅಲ್ಲಿ ಉಚಿತವಾಗಿ ಸಿಗುವ ಮಾತ್ರೆ.

ಹಾಗಂತ ಕಾರ್ಡ್ ನಿಷ್ಪ್ರಯೋಜಕ ಎನ್ನುವುದು ಇನ್ನೊಂದು ತಪ್ಪು. 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯ ಬಗ್ಗೆ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನ, ಯೋಜನೆ ತಲುಪಿದ ಹಳ್ಳಿಗಳ ಬಡವರಲ್ಲಿ ಅದರ ವ್ಯಾಪ್ತಿಯ ಕಾಯಿಲೆಗಳಿಂದ ಆಗುವ ಸಾವು ಕಡಿಮೆಯಾದದ್ದನ್ನು ತೋರಿಸಿತ್ತು. ಹೃದಯದ ಆಪರೇಷನ್ನಿಗೆ ಹೊಲ ಮಾರುವುದು ತಪ್ಪಿದರೆ ಅದು ಸಣ್ಣ ಮಾತಲ್ಲ.

“ಜನರ ಜೇಬಿನ ಹೊರೆ ಇಳಿದಿದೆ, ಅಂಕಿಅಂಶವೇ ಹೇಳುತ್ತದೆ” ಎಂಬ ವಾದವೂ ಇದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ಕ್ಕೆ ಶೇ 39.4ಕ್ಕೆ ಇಳಿಯಿತು. ಒಳ್ಳೆಯ ಸುದ್ದಿಯೇ. ಆದರೆ ಇದು ಪಾಲಿನ ಲೆಕ್ಕ, ರೂಪಾಯಿಯ ಲೆಕ್ಕವಲ್ಲ. ಸರ್ಕಾರದ ವೆಚ್ಚ ಏರಿದರೆ, ನಮ್ಮ ಮೆಡಿಕಲ್ ಶಾಪ್ ಬಿಲ್ ಒಂದು ರೂಪಾಯಿ ಕಡಿಮೆಯಾಗದಿದ್ದರೂ ನಮ್ಮ ಪಾಲು ಕುಗ್ಗುತ್ತದೆ. 2021-22 ಕೋವಿಡ್ ಲಸಿಕೆಯ ವರ್ಷ ಬೇರೆ.

ಸ್ವಂತ ದುಡ್ಡಿನಲ್ಲಿ ವಿಮೆ ಕೊಳ್ಳುವವರಲ್ಲೂ ಇಂಥದೇ ತಪ್ಪು ಲೆಕ್ಕವಿದೆ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾದಾಗ ಕಂತು ಅಷ್ಟೂ ಇಳಿಯುತ್ತದೆ ಎಂದು ಅನೇಕರು ನಂಬಿದರು. 118 ರೂಪಾಯಿ ಕಟ್ಟುತ್ತಿದ್ದವರಿಗೆ 18 ಉಳಿದರೆ ಅದು ಸುಮಾರು ಶೇ 15 ಮಾತ್ರ. ಕಂಪನಿಗಳು ತಮ್ಮ ಖರ್ಚಿನ ಮೇಲೆ ಕಟ್ಟಿದ ತೆರಿಗೆಯನ್ನು ಹಿಂದೆ ಪಡೆಯುವ ಅವಕಾಶವೂ ಅದರೊಂದಿಗೆ ಹೋಯಿತು, ಹಾಗಾಗಿ ಮೂಲ ಕಂತನ್ನೇ ಏರಿಸುವ ಒತ್ತಡ ಅವುಗಳ ಮೇಲಿದೆ.

ಬಡವರಿಗೆ ಅತಿ ಹೆಚ್ಚು ನಷ್ಟ ಮಾಡಿರುವ ನಂಬಿಕೆ ಮಾತ್ರ ಬೇರೆಯೇ: “ಕಡಿಮೆ ಬೆಲೆಯ ಮಾತ್ರೆಗೆ ಪವರ್ ಇರುವುದಿಲ್ಲ.” ನಮ್ಮ ಅಂಗಡಿಗಳಲ್ಲಿ ದೊಡ್ಡ ಹೆಸರಿನಲ್ಲಿ ಮಾರಾಟವಾಗುವ ಬಹುಪಾಲು ಔಷಧಿಗಳ ಪೇಟೆಂಟ್ ಎಂದೋ ಮುಗಿದಿದೆ. ಅಂದರೆ ಅವೂ ಪೇಟೆಂಟ್ ಇಲ್ಲದ ಜೆನೆರಿಕ್ ಔಷಧಿಗಳೇ, ಮೇಲೊಂದು ಬ್ರಾಂಡ್ ಹೆಸರು ಅಷ್ಟೆ. ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಎಂದು ಬರೆದಿದ್ದರೆ ಜನೌಷಧಿ ಕೇಂದ್ರದ ಸ್ಟ್ರಿಪ್‌ನಲ್ಲೂ ಬ್ರಾಂಡಿನ ಸ್ಟ್ರಿಪ್‌ನಲ್ಲೂ ಇರಬೇಕಾದದ್ದು ಅದೇ ಮೆಟ್‌ಫಾರ್ಮಿನ್, ಅಷ್ಟೇ ಪ್ರಮಾಣದಲ್ಲಿ. ಬೆಲೆಯ ಅಂತರದಲ್ಲಿ ಪ್ರಚಾರದ ಖರ್ಚು ಮತ್ತು ಮಾರಾಟಗಾರರ ಲಾಭಾಂಶ ದೊಡ್ಡದಾಗಿ ಸೇರಿಕೊಂಡಿವೆ.

ಗುಣಮಟ್ಟದ ಭಯ ಆಧಾರವಿಲ್ಲದ್ದಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ಅನುಮಾನ ಬಿದ್ದದ್ದು ಸರ್ಕಾರಿ ಪೂರೈಕೆಯ ಡ್ರಿಪ್ ದ್ರಾವಣದ ಮೇಲೆ. ಆದರೆ ಔಷಧಿಯ ಗುಣವನ್ನು ಹೇಳುವುದು ಪ್ರಯೋಗಾಲಯವೇ ಹೊರತು ಬೆಲೆ ಚೀಟಿಯಲ್ಲ. ನೆರೆಯ ತಮಿಳುನಾಡು 1994ರಲ್ಲೇ ವೈದ್ಯಕೀಯ ಸೇವಾ ನಿಗಮ ಕಟ್ಟಿ, ಇಡೀ ರಾಜ್ಯಕ್ಕೆ ಒಟ್ಟಾಗಿ ಕೊಂಡು, ಪ್ರತಿ ಬ್ಯಾಚಿನ ಮಾದರಿಯನ್ನು ಪರೀಕ್ಷೆಗೆ ಕಳಿಸಿ, ಪಾಸಾದ ಮೇಲಷ್ಟೇ ಆಸ್ಪತ್ರೆಗಳಿಗೆ ಬಿಡುವ ಪದ್ಧತಿ ತಂದಿತು. ಒಟ್ಟಾಗಿ ಕೊಂಡದ್ದರಿಂದಲೇ ಬೆಲೆಯೂ ಇಳಿಯಿತು. ನಮ್ಮಲ್ಲಿಯೂ ಬಜೆಟ್ ಬಂದಾಗ ಎಷ್ಟು ಕಾರ್ಡ್ ಹಂಚಿದಿರಿ ಎಂಬುದರ ಜೊತೆಗೆ, ತಾಲ್ಲೂಕು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಸಕ್ಕರೆ ಮತ್ತು ಬಿಪಿ ಮಾತ್ರೆ ವರ್ಷದ ಎಷ್ಟು ತಿಂಗಳು ಸಿಕ್ಕಿತು, ಬಂದ ಬ್ಯಾಚುಗಳಲ್ಲಿ ಎಷ್ಟನ್ನು ಪರೀಕ್ಷಿಸಿದಿರಿ ಎಂದು ಶಾಸಕರನ್ನು ಕೇಳಬೇಕು.